ಅಪ್ಪನ ಎಲೆಯ ಪಕ್ಕದ ಎಲೆ

ಕಾಪು
ಜನವರಿ ೨೦, ೧೯೮೫

ಪ್ರೀತಿಯ ಅಣ್ಣ,

ಅಪ್ಪನ ಸ್ಮಾರಕದ ಏರ್ಪಾಡನ್ನಷ್ಟೇ ಬರೆದು ಲಕೋಟೆ ಅಂಟಿಸುವುದರಲ್ಲಿದ್ದೆ. ದೀಪಾವಳಿಯ ದಿನದ ಸಂಗತಿಯನ್ನು ಬಿಟ್ಟೇಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಕಲಿತವಳು ಇಂಥದ್ದನ್ನೆಲ್ಲ ಬರೆದರೆ ನೀನು ನಗುತ್ತೀ.

ದೀಪಾವಳಿಗೆ ತೀರಿಹೋದ ಹಿರಿಯರಿಗೆ ಬಡಿಸುವಾಗ ಅಮ್ಮ ಅಪ್ಪನ ಎಲೆಗೆ ಉಪ್ಪಿಲ್ಲದ ಮೀನುಸಾರು ಹಾಕುತ್ತಿದ್ದದ್ದು ನಿನಗೆ ಗೊತ್ತು. ಸ್ವಾತಂತ್ರ್ಯ ಬರುವವರೆಗೆ ಉಪ್ಪು ಮುಟ್ಟುವುದಿಲ್ಲವೆಂದು ಅಪ್ಪ ಪಣ ತೊಟ್ಟಿದ್ದರು. ಬಂದ ಮೇಲೂ, ದಿಲ್ಲಿಯಲ್ಲಿ ಸಂವಿಧಾನ ಬರೆದವರ ನಡುವೆ ಕೂತು ಬಂದ ಮೇಲೂ ಮುಟ್ಟಲಿಲ್ಲ. ಪಕ್ಕದಲ್ಲಿ ಉಪ್ಪು ಹಾಕಿ ಬಡಿಸಿದ ಇನ್ನೊಂದು ಎಲೆ ಇರುತ್ತಿತ್ತಲ್ಲ, ಅಜ್ಜನದೆಂದು ನಾವು ತಿಳಿದಿದ್ದೆವು. ಅಲ್ಲ, ಅದು ಮೀನುಗಾರ ಅಂಗಾರನದು. ಸಾಯುವ ಮೊದಲು ಅಮ್ಮ ನನಗೆ ಹೇಳಿದಳು.

ಮೂವತ್ತರ ಉಪ್ಪಿನ ಸತ್ಯಾಗ್ರಹದಲ್ಲಿ, ಇದೇ ಕಡಲತೀರದಲ್ಲಿ ಅಪ್ಪನ ಮಾತಿಗೆ ಓಗೊಟ್ಟು ಉಪ್ಪು ಕಾಯಿಸಿದವರು ಮೀನುಗಾರರು. ಪೊಲೀಸರು ಬಂದಾಗ ಅಪ್ಪ, ‘ಕೈ ಎತ್ತಬೇಡ ಅಂಗಾರ, ಪಾತ್ರೆಯನ್ನೂ ಬಿಡಬೇಡ’ ಎಂದರಂತೆ. ಅವನು ಎರಡನ್ನೂ ಪಾಲಿಸಿದ. ಕುದಿಯುವ ಪಾತ್ರೆಯನ್ನು ತಬ್ಬಿಕೊಂಡೇ ಲಾಠಿ ತಿಂದ. ವಾರ ಕಳೆಯುವ ಮೊದಲೇ ಹೋದ. ಅಪ್ಪ ಜೈಲಿನಿಂದ ಹೊರಬಂದಾಗ ಕೊರಳಲ್ಲಿ ಹೂಮಾಲೆ. ಉಪ್ಪು ಬಿಟ್ಟದ್ದು ಆಗ. ಆ ದಿನ ಅವರು ಹೇಳಿದ್ದು ಸರಿಯೋ ತಪ್ಪೋ, ನನಗೆ ತಿಳಿಯದು. ಅವರಿಗೆ ತಿಳಿದಿದ್ದರೆ ಉಪ್ಪು ತಿನ್ನುತ್ತಿದ್ದರು.

ಈ ಸಲ ಅಮ್ಮ ಇಲ್ಲ, ನಾನೇ ಬಡಿಸಿದೆ. ಸ್ಮಾರಕ ಸಮಿತಿಯವರು ಜಗಲಿಯಲ್ಲಿ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಅಪ್ಪನ ಎಲೆಯೊಂದನ್ನೇ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಂತೆ. ಒಳಗಿನಿಂದ ಅಪ್ಪ ಕೇಳಿದರು: ‘ಅವನೆಲ್ಲಿ?’

ಕೇಳಿದಂತಾಯಿತು ಎಂದು ಬರೆಯಬೇಕೇನೋ. ಆದರೆ ಅಂದಿನಿಂದ ಪ್ರತಿ ಊಟಕ್ಕೂ ಕೇಳುತ್ತಾರೆ.

ಸ್ಮಾರಕದ ಕಲ್ಲಿನಲ್ಲಿ ಅಂಗಾರನ ಹೆಸರೂ ಇರಲಿ ಎಂದದ್ದಕ್ಕೆ ನೀನು ಫೋನಿನಲ್ಲಿ, ‘ಒಂದು ಕಲ್ಲಿನ ಮೇಲೆ ಎಷ್ಟು ಜನರನ್ನು ನಿಲ್ಲಿಸುವುದು ಮಾರಾಯ್ತಿ?’ ಎಂದೆ. ಅದು ಕಿವಿಗೆ ಬಿದ್ದು ಅಂಗಾರನ ಮಗಳು ಸುಂದರಿ ಮೀನಿನ ಬುಟ್ಟಿ ಇಳಿಸಿ ಕೇಳಿದಳು: ‘ಎಂತ ಮೋಹಿನಕ್ಕ, ನಮ್ಮಪ್ಪನನ್ನೂ ಹತ್ತಿಸಿದರೆ ಕಲ್ಲು ಮುಳುಗ್ತದಾ?’

ನಿನ್ನ ತಂಗಿ,
ಮೋಹಿನಿ

ತಾ.ಕ.: ಕಾರ್ಕಳದ ಶಿಲ್ಪಿಯ ಬಳಿಗೆ ಹೋಗಿ ಬಂದೆ. ಕಲ್ಲಿನಲ್ಲಿ ಈಗ ಎರಡು ಹೆಸರುಂಟು, ಒಂದೇ ಅಳತೆಯ ಅಕ್ಷರದಲ್ಲಿ. ಇಪ್ಪತ್ತಾರಕ್ಕೆ ನೀನು ಇಲ್ಲಿ ಬಟ್ಟೆ ಸರಿಸುವಾಗ ಸುಂದರಿ ಮುಂದಿನ ಸಾಲಿನಲ್ಲಿರುತ್ತಾಳೆ. ಮಾತಾಡುವ ಮೊದಲು ಅವಳ ಮುಖ ನೋಡುತ್ತೀ ಎಂದು ನಂಬಿದ್ದೇನೆ. ಎದುರು ನಿಂತು ಕಾರಣ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಈ ಪತ್ರ ನಿನ್ನ ಮುಂಬಯಿಯ ಮನೆಗೆ. ಅಂಚೆಗೆ ಹಾಕುವುದು ಜನವರಿ ಇಪ್ಪತ್ತೈದಕ್ಕೆ, ನೀನು ಅಲ್ಲಿಂದ ಹೊರಟ ಮೇಲೆ.