ಕಿಟಕಿಯಲ್ಲಿ ಹತ್ತನೆಯವನು

ಯಾಂಗೋನ್, ಸೋಮವಾರ

ಅಕ್ಕಾ,

ನಿನ್ನೆ ಅಜ್ಜನ ಪುಣ್ಯತಿಥಿಯ ಪ್ರಾರ್ಥನೆ ಅಂತೂ ನಡೆಯಿತು. ಹತ್ತು ಗಂಡಸರು ಸೇರದೆ ಅದನ್ನು ಹೇಳುವಂತಿಲ್ಲವಲ್ಲ. ನಿಮ್ಮ ಸಿಂಗಪುರದಲ್ಲಾದರೆ ಚಿಂತೆಯಿಲ್ಲ, ಇಲ್ಲಿ ನಮ್ಮ ಯಹೂದಿಗಳ ಸಿನಗಾಗ್‌ಗೆ ಬಂದವರು ಒಂಬತ್ತೇ ಜನ. ಹತ್ತನೆಯವನು ಸಾಲೇಹ್ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ. ಅವನಿಗೆ ಪ್ರಾರ್ಥನೆಯ ಹೊತ್ತಿನಲ್ಲಿ ಕಿಟಕಿ ತೆರೆದಿರಬೇಕು, ನಮ್ಮ ಮನಾಶೆ ಮಾವನಿಗೆ ಶೀತದ ಭಯ. ಅದೇ ಜಗಳದಲ್ಲಿ, ಇನ್ನು ಒಳಗೆ ಕಾಲಿಡುವುದಿಲ್ಲ ಎಂದು ಆಣೆ ಹಾಕಿದ್ದಾನೆ.

ಮಾವ ಹೋಗಿ ಕರೆದರು.

"ದೇವರಾಣೆ ಹಾಕಿದ್ದೀನಿ, ಮುರಿಯೋ ಹಾಗಿಲ್ಲ."

"ದೇವರ ಮನೆಗೆ ಬರಲ್ಲ ಅಂತ ದೇವರ ಮೇಲೇ ಆಣೆಯೇನೋ?"

ಆಗ ಮುದುಕ ಶೌಲ್, "ಹೊರಗೆ ನಿಂತು ಕಿಟಕಿಯಿಂದ ಮುಖ ತೋರಿಸಿದ್ರೂ ಲೆಕ್ಕಕ್ಕೆ ಬರ್ತಾನೆ ಕಣ್ರಯ್ಯಾ, ಶಾಸ್ತ್ರದಲ್ಲೇ ಇದೆ" ಎಂದ. ಮಾವ ಹಲ್ಲು ಕಚ್ಚಿಕೊಂಡು ತಾವೇ ಕಿಟಕಿ ತೆರೆದರು. ನಾವು ಹೆಂಗಸರು ಮಹಡಿಯಿಂದ ನೋಡುತ್ತಿದ್ದೆವು. ಸಾಲೇಹ್ ಮಳೆಯಲ್ಲಿ ಕೊಡೆ ಹಿಡಿದು, ಕಿಟಕಿಯೊಳಗೆ ತಲೆ ತೂರಿಸಿ, ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ. ಮಾವ ಅತ್ತುಬಿಟ್ಟರು.

ನನ್ನ ಕೆಮ್ಮು ವಾಸಿಯಾಗಿದೆ, ಔಷಧಿ ಕಳಿಸಬೇಡ. ಮಾವನಿಗೆ ಮಾತ್ರ ಬೆಳಗ್ಗೆಯಿಂದ ಸೀನು.

ಹೇಳಲು ಮರೆತೆ. ಪ್ರಾರ್ಥನೆ ಮುಗಿದ ಮೇಲೆ ಮಾವನೇ ಕಿಟಕಿಯಿಂದ ಅವನಿಗೆ ಬಿಸಿ ಸಂಬುಸಕ್ ಕೊಟ್ಟು, "ಆಣೆ ಬಿಡಿಸೋಕೂ ಶಾಸ್ತ್ರದಲ್ಲಿ ದಾರಿ ಇದೆ, ಒಳಗೆ ಬಾರೋ ಮಾರಾಯ" ಎಂದರು.

ಸಾಲೇಹ್ ನಿಧಾನವಾಗಿ ಅಗಿದು ನುಂಗಿದ. "ಬಂದ್ರೆ ನೀನು ಕಿಟಕಿ ಮುಚ್ತೀಯ."

ಕಾರ್ಡ್ ತುಂಬಿತು.
ರಹ್ಮಾ