ಸೋಮವಾರದ ಜಮಖಾನ

ಕತ್ರಿಗುಪ್ಪೆ, ಬೆಂಗಳೂರು
೨ ಡಿಸೆಂಬರ್ ೨೦೨೪, ಸೋಮವಾರ ಮಧ್ಯಾಹ್ನ

ಪ್ರೀತಿಯ ರೇಣಕ್ಕನಿಗೆ ನಿನ್ನ ತಂಗಿ ಜಯಿಯ ಶರಣು.

ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ತುಮಕೂರಿನ ಚಳಿಗೆ ಎಣ್ಣೆ ತಿಕ್ಕಿಸಿಕೊ. ಫೋನಿನಲ್ಲಿ ಹೇಳೋಣವೆಂದರೆ ಮೊಮ್ಮಗಳು ಸಿರಿ ಹಿಂದೆಯೇ ನಿಂತು ಕೇಳಿಸಿಕೊಳ್ಳುತ್ತಾಳೆ, ಅದಕ್ಕೇ ಈ ಕಾಗದ.

ಹೋದ ವಾರ ಶಾಲೆಯವರು ಅವಳ ಕ್ಲಾಸಿನ ಮಕ್ಕಳನ್ನು ಕೊಚ್ಚಿಗೆ ಕರೆದುಕೊಂಡು ಹೋಗಿದ್ದರು. ಸಮುದ್ರ ತೋರಿಸುತ್ತಾರೆ ಅಂದುಕೊಂಡರೆ, ಯಹೂದಿಗಳ ಪ್ರಾರ್ಥನಾಮಂದಿರಕ್ಕೆ! ಸಿನಗಾಗ್ ಅಂತಾರಂತೆ. ನೆಲಕ್ಕೆಲ್ಲ ನೀಲಿ ಚಿತ್ತಾರದ ಟೈಲ್ಸಂತೆ, ಚಪ್ಪಲಿ ಹೊರಗೇ ಬಿಡಬೇಕಂತೆ. ಇರಲಿ, ಅವರ ದೇವರು ಅವರಿಗೆ. ಆದರೆ ಬಂದಾಗಿನಿಂದ ಹುಡುಗಿಯ ವರಸೆಯೇ ಬೇರೆ. ಅಲ್ಲಿ ಹತ್ತು ಗಂಡಸರು ಸೇರದೆ ಪೂರ್ತಿ ಪ್ರಾರ್ಥನೆ ನಡೆಯುವುದಿಲ್ಲವಂತೆ, ಆ ಬೀದಿಯಲ್ಲೀಗ ಅಷ್ಟು ಜನವೇ ಉಳಿದಿಲ್ಲವಂತೆ. ನಾನು ಪೂಜೆಗೆ ಕೂತರೆ ಬಂದು, "ಅಜ್ಜಿ, ನೀವೊಬ್ರೇ ಮಾಡಿದ್ರೆ ಸಾಕಾ?" ಅಂತಾಳೆ. ಇದನ್ನೆಲ್ಲ ಯಾರು ತಲೆಗೆ ತುಂಬಿದರು? ಸಂಜೆಯಾದರೆ ಮನೆಮನೆ ಸುತ್ತುತ್ತಾಳೆ. ಕೆಳಗಿನ ಮನೆ ಬೈರಮ್ಮನ ಹತ್ತಿರ ಗುಸುಗುಸು, ನಾನು ಹೋದರೆ ಇಬ್ಬರ ಬಾಯಿಗೂ ಬೀಗ. "ಸೋಮವಾರ ಆರಕ್ಕೆ ಬಂದ್ಬಿಡಿ ಆಂಟಿ, ಅಜ್ಜಿಗೆ ಹೇಳ್ಬೇಡಿ" ಅಂದದ್ದನ್ನು ನಿನ್ನೆ ನಾನೇ ಕೇಳಿದೆ. ನೀನಿದ್ದಾಗ ಸೋಮವಾರ ಸೋಮವಾರ ವಚನ ಹಾಡಲು ಹಾಸುತ್ತಿದ್ದೆವಲ್ಲ, ಆ ಜಮಖಾನವೂ ಅಟ್ಟದ ಮೇಲಿಲ್ಲ! ನೀನು ಹೋದ ಮೇಲೆ ಒಬ್ಬೊಬ್ಬರೇ ತಪ್ಪಿಸಿಕೊಂಡು ನಮ್ಮ ಹಾಡು ನಿಂತೇಹೋಯಿತು. ಈಗ ಅದರ ಮೇಲೆ ಇನ್ಯಾರ ಪ್ರಾರ್ಥನೆಯೋ! ಮಹಾಂತೇಶನಿಗೆ ಹೇಳಿದರೆ ನಗುತ್ತಾನೆ. ಮಗಳ ಜೊತೆ ಅವನೂ ಶಾಮೀಲೇ ಇರಬೇಕು. ಮಗು ಕೈತಪ್ಪಿ ಹೋದೀತೆಂದು ಭಯ ಅಕ್ಕ. ನಾಳೆಯೇ ಶಾಲೆಗೆ ಹೋಗಿ ಟಿಸಿ ಕೇಳುವವಳಿದ್ದೇನೆ.

ನಿನ್ನ ಮಗಳಿಗೂ ಅಳಿಯನಿಗೂ ಒಳ್ಳೆಯದಾಗಲಿ.

ನಿನ್ನ
ಜಯದೇವಿ

ಲಕೋಟೆ ಅಂಟಿಸುವ ಮೊದಲು: ಟಿಸಿ ಗಿಸಿ ಏನೂ ಬೇಡ. ಆರಕ್ಕೆ ಬೈರಮ್ಮ ಬಂದಳು, ಹಿಂದೆಯೇ ನಮ್ಮ ಹಳೆಯ ಹೆಂಗಸರೆಲ್ಲ, ಕೈಯಲ್ಲಿ ವಚನದ ಪುಸ್ತಕ! ಜಮಖಾನ ಹಾಲಿನಲ್ಲಿ ಹಾಸಿತ್ತು. "ಅಲ್ಲಿ ಅಷ್ಟು ಚೆನ್ನಾಗಿರೋ ಜಾಗ, ಜನ ಇಲ್ದೆ ಸುಮ್ನೆ ಇದೆ ಅಜ್ಜಿ. ನಿಮ್ ಸೋಮವಾರ ಹಂಗಾಗ್ಬಾರ್ದು" ಅಂದಳು ಸಿರಿ. ಅಳು ತಡೆಯಲಾಗಲಿಲ್ಲ ನನಗೆ. ಎಣಿಸಿದರೆ ಅವಳೂ ಸೇರಿ ಒಂಬತ್ತೇ ಜನ. ನಮಗೆ ಅಂಥ ಲೆಕ್ಕವೇನಿಲ್ಲ ಕಣೇ ಎಂದು ಹಾಡಿಯೇಬಿಟ್ಟೆವು. (ಬೈರಮ್ಮ ಬರೀ ತುಟಿ ಆಡಿಸಿದಳೆಂದು ನನಗೆ ಅನುಮಾನ.) ಕಿಟಕಿ ಪಕ್ಕದ ನಿನ್ನ ಜಾಗದಲ್ಲಿ ಮಾತ್ರ ಯಾರನ್ನೂ ಕೂರಲು ಬಿಡಲಿಲ್ಲ ಹಠಮಾರಿ. "ಅದು ರೇಣಜ್ಜಿದು. ಇನ್ನೂ ಒಬ್ರು ಕಮ್ಮಿ" ಅಂತೆ. ಮುಂದಿನ ಸೋಮವಾರ ಬಂದುಬಿಡು ಅಕ್ಕ, ನಿನ್ನ ಮಂಡಿಗೆ ಕುರ್ಚಿ ಹಾಕಿಸುತ್ತೇನೆ.