ಮೈದಾನದ ಹನ್ನೆರಡು ಮೀಟರ್ ಎಲ್ಲಿ ಹೋಯಿತು?

ಮೈದಾನ ಅಭಿವೃದ್ಧಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಸೋಮವಾರದ ಸಭೆಯಲ್ಲಿ ತಾವು ಬಂಡಳ್ಳಿಯ ಓಟಗಾರ ಮಾದಸ್ವಾಮಿಯನ್ನು ‘ಆರಂಭಶೂರ’ ಎಂದು ಕರೆದಿರಿ. ಏಷ್ಯಾ ಮಟ್ಟದ ಕೂಟದ ಸಾವಿರದ ಐನೂರು ಮೀಟರ್ ಫೈನಲ್‌ನಲ್ಲಿ ಮೊದಲ ಎರಡು ಸುತ್ತು ಎಲ್ಲರಿಗಿಂತ ಮುಂದಿದ್ದು, ಕೊನೆಗೆ ಹದಿನಾಲ್ಕು ಜನರಲ್ಲಿ ಹದಿಮೂರನೆಯವನಾಗಿ ಬಂದವನನ್ನು ಬೇರೇನೆಂದು ಕರೆಯಬೇಕು ಎಂದು ನಕ್ಕಿರಿ. ತಾವು ನಕ್ಕಿದ್ದರಿಂದ ಸಭೆಯೂ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಿಂತು, ಅವನು ಸೋತಿದ್ದು ತಾವು ಕಟ್ಟಿಸಿದ ಸನ್ಮಾನ ವೇದಿಕೆಯಿಂದ ಎಂದು ಹೇಳುವಷ್ಟರಲ್ಲಿ ವಂದನಾರ್ಪಣೆ ಶುರುವಾಗಿ ಮೈಕು ಬೇರೆಯವರ ಕೈ ಸೇರಿತು. ಅದಕ್ಕೇ ಊರೆಲ್ಲ ಓದಲೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಯಾರೆಂಬುದು ತಮಗೆ ಮರೆತಿರಬಹುದು. ಮೂವತ್ತೊಂದು ವರ್ಷ ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸಿದ ಪಿ.ಟಿ. ಮೇಷ್ಟ್ರು ನಾನು. ಕಾಮಗೆರೆ ದಾರಿಯ ಆ ಮೈದಾನದಲ್ಲಿ ನಾನೂರು ಮೀಟರಿನ ಓಟದ ದಾರಿಯನ್ನು ಮೊದಲು ಎಳೆದವನೂ ನಾನೇ. ಒಂದು ಗೂಟ, ಒಂದು ಹಗ್ಗ, ಎರಡು ಮೂಟೆ ಸುಣ್ಣ ಇಟ್ಟುಕೊಂಡು ಎರಡು ದಿನ ಬಿಸಿಲಲ್ಲಿ ಬಗ್ಗಿ ಎಳೆದಿದ್ದೆ. ಯಾರೂ ಶಾಲು ಹೊದಿಸಲಿಲ್ಲ, ಆದರೆ ಅಳತೆ ಸರಿಯಾಗಿತ್ತು. ಆ ದಾರಿಯಲ್ಲೇ ಮಾದಸ್ವಾಮಿ ಎಂಟನೇ ತರಗತಿಯಿಂದ ಓಡಿದ. ಅಪ್ಪ ಇಲ್ಲದ ಮನೆ. ತಾಯಿ ಚಿಕ್ಕನಿಂಗಮ್ಮ ಹೊಲಗಳಲ್ಲಿ ಕಳೆ ಕಿತ್ತು ಸಾಕಿದ ಮಗ. ಅವನು ಬರಿಗಾಲಲ್ಲಿ ಓಡುವುದನ್ನು ಕಂಡು ದಾರಿಹೋಕರು ‘ಏನ್ಲಾ ಕದ್ದೆ?’ ಎಂದು ಕೇಳುತ್ತಿದ್ದರು. ನಮ್ಮ ಕಡೆ ಹರಕೆ ಹೊತ್ತು ಬೆಟ್ಟಕ್ಕೆ ನಡೆದುಹೋಗುವವರಿಗೆ ಮಜ್ಜಿಗೆ ಕೊಡುತ್ತಾರೆ, ಓಡುವವನನ್ನು ಮಾತ್ರ ಅನುಮಾನದಿಂದ ನೋಡುತ್ತಾರೆ.

ಎರಡು ವರ್ಷದ ಹಿಂದೆ ಅದೇ ಹುಡುಗ ಹೊರದೇಶದಲ್ಲಿ ಕಂಚು ಗೆದ್ದು ಬಂದಾಗ ತಮ್ಮ ಸಮಿತಿಗೆ ಇದ್ದಕ್ಕಿದ್ದಂತೆ ಕ್ರೀಡಾಪ್ರೇಮ ಉಕ್ಕಿತು. ಸನ್ಮಾನ ಮಾಡಬೇಕು, ಅದೂ ಮೈದಾನದಲ್ಲೇ, ಅದೂ ಶಾಶ್ವತ ವೇದಿಕೆಯ ಮೇಲೆ ಎಂದು ತೀರ್ಮಾನವಾಯಿತು. ಮೈದಾನದ ಸುತ್ತ ಅಷ್ಟು ಖಾಲಿ ಜಾಗವಿತ್ತು. ತಾವು ಆರಿಸಿಕೊಂಡದ್ದು ಓಟದ ದಾರಿಯ ಎರಡನೇ ತಿರುವು. ಓಟಗಾರನನ್ನು ಗೌರವಿಸಲು ಅವನು ಓಡುವ ಜಾಗದಲ್ಲೇ ಕಾಂಕ್ರೀಟು ಸುರಿಯುವ ಈ ಆಲೋಚನೆ ಯಾರ ತಲೆಗೆ ಹೊಳೆಯಿತೋ, ಆ ತಲೆಗೂ ಒಂದು ಮೈಸೂರು ಪೇಟ ಸಲ್ಲಬೇಕು. ನಾಳೆ ಯಾರಾದರೂ ಈಜಿನಲ್ಲಿ ಪದಕ ತಂದರೆ ಕೆರೆಗೆ ಮಣ್ಣು ತುಂಬಿಸಿ ಮಂಟಪ ಕಟ್ಟಿಸುತ್ತೀರಾ? ವೇದಿಕೆಯ ಕಲ್ಲಿನ ಮೇಲೆ ಹತ್ತೊಂಬತ್ತು ಹೆಸರು ಕೆತ್ತಿಸಿದ್ದೀರಿ. ಓಡಿದವನ ಹೆಸರು ಹತ್ತೊಂಬತ್ತನೆಯದು, ಗುತ್ತಿಗೆದಾರರ ಹೆಸರಿನ ಕೆಳಗೆ.

ತಿರುವಿನ ಗತಿಯೇನು ಎಂದು ನಾನು ಅಂದೇ ಕೇಳಿದ್ದೆ. ‘ಇಂಜಿನಿಯರು ಸರಿ ಮಾಡ್ತಾರೆ ಬುಡಿ ಮೇಷ್ಟ್ರೇ’ ಎಂದಿರಿ. ಸರಿ ಮಾಡಿದರು ಕೂಡ. ವೇದಿಕೆಯನ್ನು ಬಳಸಿಕೊಂಡು ಒಳಮಗ್ಗುಲಿಗೆ ಹೊಸ ಗೆರೆ ಎಳೆದು, ಬಿಳಿ ಬಣ್ಣ ಬಳಿದು, ‘ನಾನೂರು ಮೀಟರ್ ಓಟದ ಪಥ’ ಎಂದು ಹಸಿರು ಬೋರ್ಡು ನೆಟ್ಟರು. ಅಕ್ಷರ ಎಷ್ಟು ಚಂದವಿತ್ತೆಂದರೆ, ಅಳೆದು ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಈ ವರ್ಷ ಕೂಟಕ್ಕೆ ಎರಡು ತಿಂಗಳಿದ್ದಾಗ ಚಿಕ್ಕನಿಂಗಮ್ಮನಿಗೆ ಕಾಮಗೆರೆ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರಿದ್ದಾರೆ? ಮಾದಸ್ವಾಮಿ ತರಬೇತಿ ಶಿಬಿರದಿಂದ ರಜೆ ಕೇಳಿಕೊಂಡು ಬಂದ. ಬೆಳಿಗ್ಗೆ ತಾಯಿಗೆ ಗಂಜಿ ಕಾಯಿಸಿಟ್ಟು ಬಸ್ಸು ಹತ್ತಿ ಮೈದಾನಕ್ಕೆ ಬರುತ್ತಿದ್ದ, ನಾನು ಮುಳ್ಳೂರಿನಿಂದ ಸ್ಕೂಟರಿನಲ್ಲಿ ಸ್ಟಾಪ್‌ವಾಚು ಹಿಡಿದು ಬರುತ್ತಿದ್ದೆ. ಸದಾ ಸುತ್ತಿಗೆ ಐವತ್ತೆಂಟೂವರೆ ಸೆಕೆಂಡು ತೆಗೆದುಕೊಳ್ಳುತ್ತಿದ್ದವನು ಅದೇ ಶ್ರಮಕ್ಕೆ ಐವತ್ತಾರೂಮುಕ್ಕಾಲಕ್ಕೆ ಮುಗಿಸತೊಡಗಿದ. ನಾನು ಹಿಗ್ಗಿಹೋದೆ. ಉಪಗ್ರಹದ ನೆರವಿನಿಂದ ದೂರ ಅಳೆಯುವ ಅವನ ಕೈಗಡಿಯಾರ ಮಾತ್ರ ಪ್ರತಿ ಸುತ್ತಿಗೂ ನಾನೂರಕ್ಕಿಂತ ಕಡಿಮೆ ತೋರಿಸುತ್ತಿತ್ತು.

‘ಸಾ, ಇದು ಕಮ್ಮಿ ತೋರುಸ್ತಾ ಅದೆ’ ಎಂದ ಒಂದು ದಿನ.

‘ಆಕಾಶದಿಂದ ನೋಡೋ ಗಡಿಯಾರಕ್ಕೆ ಏನ್ಲಾ ಗೊತ್ತು? ಬೋರ್ಡಲ್ಲಿ ನಾನೂರು ಅಂತ ಬರ್ದದೆ ಕಣ್ಲಾ’ ಎಂದೆ ನಾನು.

ಗಡಿಯಾರ ಹೊರಗಿನದು, ಬೋರ್ಡು ನಮ್ಮದು. ನಾವು ಬೋರ್ಡನ್ನು ನಂಬಿದೆವು. ಬಣ್ಣ ಬಳಿದು ನೆಟ್ಟ ಬೋರ್ಡು ಸುಳ್ಳು ಹೇಳೀತೇ ಎಂಬ ಭಕ್ತಿ ನಮ್ಮ ಸೀಮೆಯವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಆರು ವಾರ ಹೀಗೇ ಓಡಿಸಿ, ಹೊರಡುವ ದಿನ ಅವನ ಬೆನ್ನು ತಟ್ಟಿ, ‘ಈ ಸಲ ಕಾಯಬೇಡ, ಮೊದಲಿಂದ ಮುಂದೆ ಹೋಗು’ ಎಂದು ಕಳಿಸಿದೆ. ಹಾಗೆಂದವನು ನಾನು, ತಾವಲ್ಲ. ಆ ತಪ್ಪನ್ನು ತಮ್ಮ ತಲೆಗೆ ಕಟ್ಟುವುದಿಲ್ಲ.

ಸಾವಿರದ ಐನೂರು ಮೀಟರ್ ಎಂದರೆ ಏನೆಂದು ತಮಗೆ ಒಂದು ಮಾತು ಹೇಳಬೇಕು. ನೂರು ಮೀಟರಿನ ಹಾಗೆ ಕಣ್ಣುಮುಚ್ಚಿ ನುಗ್ಗುವಂತಿಲ್ಲ. ಮ್ಯಾರಥಾನಿನ ಹಾಗೆ ದಾರಿಯಲ್ಲಿ ಸುಧಾರಿಸಿಕೊಳ್ಳುವಷ್ಟು ಹೊತ್ತೂ ಸಿಗುವುದಿಲ್ಲ. ಮೂರು ಸುತ್ತು, ಮೇಲೊಂದು ಮುಕ್ಕಾಲು ಸುತ್ತು. ಮನೆಯಲ್ಲಿರುವ ರಾಗಿಯನ್ನು ತಿಂಗಳ ಕೊನೆಯವರೆಗೆ ಎಳೆಯುವ ಹೆಂಗಸಿನ ಲೆಕ್ಕ ಅದು. ಮೊದಲ ವಾರ ಒಂದು ಹಿಡಿ ಹೆಚ್ಚು ಬಿದ್ದರೂ ಕೊನೆಯ ವಾರ ಒಲೆ ಉರಿಯುವುದಿಲ್ಲ. ಆ ಹಿಡಿ ಎಷ್ಟು ಎಂಬುದನ್ನು ಓಟಗಾರ ತಲೆಯಿಂದ ತಿಳಿಯುವುದಿಲ್ಲ, ಕಾಲಿನಿಂದ ತಿಳಿಯುತ್ತಾನೆ. ಆ ಕಾಲಿಗೆ ನಾವು ಆರು ವಾರ ಸುಳ್ಳು ಅಳತೆ ಕಲಿಸಿ ಕಳಿಸಿದ್ದೆವು.

ಫೈನಲನ್ನು ನಾನು ಬಂಡಳ್ಳಿಯಲ್ಲಿ, ಚಿಕ್ಕನಿಂಗಮ್ಮನ ಮನೆಯ ಜಗಲಿಯ ಮೇಲೆ ಫೋನಿನಲ್ಲಿ ನೋಡಿದೆ. ‘ಮುಂದ್ಗಡೆ ಓಯ್ತಿರದು ನನ್ ಮಗನೇ ಅಲ್ವಾ ಸಾ?’ ಎಂದು ಆಕೆ ಮೂರು ಸಲ ಕೇಳಿದರು. ಎಂಟುನೂರು ಮೀಟರ್ ದಾಟಿದಾಗ ಒಂದು ನಿಮಿಷ ಐವತ್ಮೂರು ಸೆಕೆಂಡು. ಅವನ ಮಾಮೂಲಿ ವೇಗಕ್ಕಿಂತ ನಾಲ್ಕು ಸೆಕೆಂಡು ಮುಂಚೆ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಮೂರನೆಯವನಾಗಿದ್ದ, ಕಡೆಯ ಇನ್ನೂರು ಮೀಟರಿನಲ್ಲಿ ಹತ್ತು ಜನ ದಾಟಿಹೋದರು. ‘ಯಾಕ್ ಸಾ, ನಿಂತೋದಂಗೆ ಆಯ್ತಾವ್ನೆ?’ ಎಂದರು ಚಿಕ್ಕನಿಂಗಮ್ಮ.

ಆ ಪ್ರಶ್ನೆಗೆ ಉತ್ತರ ಹುಡುಕಲು, ಅವನ ಗಡಿಯಾರದ ಮಾತು ನೆನಪಾಗಿ, ಮೂರನೇ ದಿನ ಟೇಪು ತೆಗೆದುಕೊಂಡು ಮೈದಾನಕ್ಕೆ ಹೊರಟೆ. ಚಿಕ್ಕನಿಂಗಮ್ಮ, ಹೊಟ್ಟೆಯ ಹೊಲಿಗೆ ಇನ್ನೂ ಪೂರ್ತಿ ಮಾಯದಿದ್ದರೂ, ಬೇಡವೆಂದರೂ ಕೇಳದೆ ಜೊತೆಗೆ ಬಂದು ಟೇಪಿನ ಒಂದು ತುದಿ ಹಿಡಿದರು. ಒಂದು ಸಲ ಅಳೆದೆವು, ನಂಬಿಕೆ ಬರದೆ ಇನ್ನೊಂದು ಸಲ ಅಳೆದೆವು. ಎರಡು ಸಲವೂ ಮುನ್ನೂರ ಎಂಬತ್ತೆಂಟು. ಹನ್ನೆರಡು ಮೀಟರ್ ಇಲ್ಲ. ಅದು ಎಲ್ಲಿದೆ ಎಂದು ಹುಡುಕಲು ಬಹಳ ದೂರ ಹೋಗಬೇಕಾಗಿರಲಿಲ್ಲ, ನಮ್ಮೆದುರು ಮೂರಡಿ ಎತ್ತರಕ್ಕೆ ನಿಂತಿತ್ತು.

‘ಅಂಗಾರೆ ನನ್ ಮಗ ಸೋತಿಲ್ವಾ ಸಾ?’ ಎಂದು ಆಕೆ ಕೇಳಿದರು.

‘ಸೋತ ಕಣವ್ವ. ನಾವು ಏಳುದ್ನ ನಂಬ್ಕಂಡು ಸೋತ’ ಎಂದೆ. ನನ್ನ ಮಾತೂ ಅವರ ಮಾತಿನ ಹಾಗೇ ಹೊರಬಿತ್ತು. ಆಕೆ ಟೇಪಿನ ತುದಿಯನ್ನು ಇನ್ನೂ ನೆಲಕ್ಕೆ ಒತ್ತಿಕೊಂಡೇ ಕೂತಿದ್ದರು. ನನಗೆ ನಾಚಿಕೆಯಾಯಿತು.

ಆ ಅಳತೆ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಕಾಫಿ ತರಿಸಿದಿರಿ, ಅದಕ್ಕೆ ಕೃತಜ್ಞ. ಆಮೇಲೆ ತಾವು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ: ‘ಹನ್ನೆರಡು ಮೀಟ್ರು ತಾನೆ ಮೇಷ್ಟ್ರೇ? ಹುಡುಗ್ರು ಓಡೋದು ಅಷ್ಟು ಕಮ್ಮಿ ಆಯ್ತು, ಪುಣ್ಯ ಬಂತು ಅನ್ಕಳಿ.’ ಆಗಲಿ. ನಾಳೆ ತಾವು ರೇಷ್ಮೆಗೂಡು ಮಾರಲು ಹೋದಾಗ ತಕ್ಕಡಿಯವನು ಕಿಲೋಗೆ ಮೂವತ್ತು ಗ್ರಾಂ ಹೊಡೆದು, ‘ನಿಮಗೆ ಹೊರೋ ಭಾರ ಅಷ್ಟು ಕಮ್ಮಿ ಆಯ್ತು ಸ್ವಾಮಿ’ ಎಂದರೆ ಪುಣ್ಯವೆಂದುಕೊಂಡು ಮನೆಗೆ ಬರುತ್ತೀರಾ? ಲೆಕ್ಕ ಹಾಕಿ ನೋಡಿ, ನಾನೂರಕ್ಕೆ ಹನ್ನೆರಡು ಎಂದರೆ ಸರಿಯಾಗಿ ಅಷ್ಟೇ.

ಮಾದಸ್ವಾಮಿಯನ್ನು ಶಿಬಿರದಿಂದ ಕೈಬಿಟ್ಟಿದ್ದಾರೆ. ಕಾರಣ: ‘ವೇಗದ ಅಂದಾಜಿಲ್ಲದ ಓಟಗಾರ.’ ಮತ್ತೆ ಸೇರಬೇಕಾದರೆ ಇನ್ನೊಂದು ಆಯ್ಕೆ ಓಟವಿದೆ, ಅದಕ್ಕೆ ಉಳಿದಿರುವುದು ಮೂವತ್ತೆಂಟು ದಿನ. ಅವನಿಗೆ ಇಪ್ಪತ್ತೇಳು ವರ್ಷ. ಈ ಓಟದಲ್ಲಿ ಎರಡನೇ ಅವಕಾಶ ಸಿಗುವುದೇ ಅಪರೂಪ, ಮೂರನೆಯದು ಇಲ್ಲ. ಊರಿಗೆ ಬಂದವನಿಗೆ ಅಳತೆಯ ವಿಷಯ ತಿಳಿಸಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆದರೆ ಅವನು ‘ನನ್ ಕಾಲೇ ಕೆಟ್ಟೋದೋ ಅಂತಿದ್ದೆ ಸಾ’ ಎಂದ. ಆಮೇಲೆ, ‘ಈಗ ಎಲ್ಲಿ ಓಡ್ಲಿ?’ ಎಂದು ಕೇಳಿದ. ಸರಿಯಾದ ಟ್ರ್ಯಾಕ್ ಇರುವ ಮೈಸೂರಿಗೆ ಹೋಗೆನ್ನಲು ತಾಯಿಯನ್ನು ಬಿಡುವ ಸ್ಥಿತಿಯಿಲ್ಲ. ಇಲ್ಲೇ ಓಡೆನ್ನಲು ಇಲ್ಲಿ ಓಡುವ ದಾರಿಯ ಮೇಲೆ ತಮ್ಮ ಕುರ್ಚಿಗಳಿವೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ‘ಸದರಿ ಮೈದಾನದ ಪಥವು ನಾನೂರು ಮೀಟರ್ ಎಂದು ಬರೆಸಿದ್ದರೂ ಮುನ್ನೂರ ಎಂಬತ್ತೆಂಟು ಮೀಟರ್ ಮಾತ್ರ ಇರುತ್ತದೆ’ ಎಂಬ ಒಂದು ಸಾಲನ್ನು ಸಮಿತಿಯ ಮೊಹರು ಹಾಕಿ ಬರೆದುಕೊಡಿ. ಆಯ್ಕೆ ಮಾಡುವವರಿಗೆ ಅದನ್ನು ತೋರಿಸಬೇಕು. ಹತ್ತೊಂಬತ್ತು ಹೆಸರು ಕೆತ್ತಿಸಿದವರಿಗೆ ಒಂದು ಸಾಲು ಕಷ್ಟವಾಗಲಾರದು. ‘ಆರಂಭಶೂರ’ ಎಂಬ ಮಾತನ್ನು ಆಡಿದ ಮೈಕಿನಲ್ಲೇ ಹಿಂದಕ್ಕೆ ತೆಗೆದುಕೊಳ್ಳಿ. ಮತ್ತು ವೇದಿಕೆಯನ್ನು ಒಡೆಸಿ.

ಒಡೆಸದಿದ್ದರೂ ಕೆಲಸ ನಿಲ್ಲುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ನಾನು, ಚಿಕ್ಕನಿಂಗಮ್ಮ ಮತ್ತು ಒಂದು ಮೂಟೆ ಸುಣ್ಣ ಮೈದಾನದಲ್ಲಿರುತ್ತೇವೆ. ಹಳೆಯ ತಿರುವನ್ನು ಅದರ ಜಾಗದಲ್ಲೇ ಎಳೆಯುತ್ತೇವೆ. ಗೆರೆ ತಮ್ಮ ವೇದಿಕೆಯ ಮೆಟ್ಟಿಲು ಹತ್ತಿ, ಅಡ್ಡ ಹಾಯ್ದು, ಆಚೆ ಕಡೆಗೆ ಇಳಿಯುತ್ತದೆ. ಸೋಮವಾರದಿಂದ ಮಾದಸ್ವಾಮಿ ಅದರ ಮೇಲೇ ಓಡುತ್ತಾನೆ. ಆ ಹೊತ್ತಿಗೆ ಅಲ್ಲಿ ಯಾರಿಗಾದರೂ ಸನ್ಮಾನ ನಡೆಯುತ್ತಿದ್ದರೆ ದಯಮಾಡಿ ಕುರ್ಚಿಗಳನ್ನು ಸ್ವಲ್ಪ ಆಚೆಗೆ ಸರಿಸಿಕೊಳ್ಳಿ. ಅವನಿಗೆ ಒಂದು ಲೇನಿನಷ್ಟು ಅಗಲ ಬಿಟ್ಟರೆ ಸಾಕು.

ಇಂತಿ,
ಸ್ಟಾಪ್‌ವಾಚು ನೋಡಿ ನೆಲ ಅಳೆಯದೆ ಹೋದ
ಶಿವಕುಮಾರಸ್ವಾಮಿ
ನಿವೃತ್ತ ಪಿ.ಟಿ. ಮೇಷ್ಟ್ರು, ಮುಳ್ಳೂರು